ವಿಕ್ಟೋರಿಯಾ ಎಂಬ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳಿಗೆ ವಿಕ್ಟೋರಿಯಾ ಅಂತ ಹೆಸರಿಡೋಣವಾ ಎಂದು ಯೋಚಿಸುತ್ತಿರುವವರು, ಅಜ್ಜಿಗೆ ಈ ಹೆಸರು ಯಾಕೆ ಬಂತು ಎಂದು ಹುಡುಕುವವರು, ಸುಮ್ನೆ ಕುತೂಹಲಕ್ಕೆ ಕೇಳುವವರು. ಇವರೆಲ್ಲರ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದು ಬ್ರಿಟಿಷ್ ರಾಣಿಯ ಸೊತ್ತು ಅಂದುಕೊಂಡು ಓದಲು ಕೂತರೆ ಕಥೆಯ ಮುಕ್ಕಾಲು ಪಾಲು ಕೈತಪ್ಪುತ್ತದೆ.

## ಮೊದಲು ಬುಡದಿಂದ

ವಿಕ್ಟೋರಿಯಾ ಅಂದ್ರೆ ಏನರ್ಥ? ಯಾವ ಭಾಷೆಯದು?

ಗೆಲುವು ಅಂತ ಅರ್ಥ. ಭಾಷೆ ಲ್ಯಾಟಿನ್. ಅಲ್ಲಿ 'ವಿಂಕೆರೆ' ಅಂದರೆ ಗೆಲ್ಲು. ಗೆದ್ದವನು 'ವಿಕ್ಟೋರ್', ಗೆಲುವು 'ವಿಕ್ಟೋರಿಯಾ'. ನಮ್ಮ ಮಂಗಳೂರು ಕಡೆ ತುಂಬಾ ಕೇಳಿಬರುವ ವಿಕ್ಟರ್, ವಿನ್ಸೆಂಟ್ ಎರಡೂ ಇದೇ ಮನೆಯ ಗಂಡುಮಕ್ಕಳು. ವಿನ್ಸೆಂಟ್ ಅಂದರೆ 'ಗೆಲ್ಲುತ್ತಿರುವವನು'.

ಇದು ಆ ಬ್ರಿಟಿಷ್ ರಾಣಿಯ ಹೆಸರಲ್ವಾ? ಅವಳಿಂದಲೇ ಶುರುವಾದದ್ದು ತಾನೇ?

ಅಲ್ಲ. ರಾಣಿ ಹುಟ್ಟಿದ್ದು 1819ರಲ್ಲಿ. ಅದಕ್ಕಿಂತ ಎರಡು ಸಾವಿರ ವರ್ಷ ಹಿಂದೆಯೇ ರೋಮಿನಲ್ಲಿ ವಿಕ್ಟೋರಿಯಾ ಎಂಬ ದೇವತೆಗೆ ಗುಡಿ ಇತ್ತು. ಮೊಟ್ಟಮೊದಲು ಭೂಮಿ ಸುತ್ತಿ ಬಂದ ಹಡಗಿನ ಹೆಸರೂ ವಿಕ್ಟೋರಿಯಾ. ಮೆಗೆಲನ್ 1519ರಲ್ಲಿ ಸ್ಪೇನಿನಿಂದ ಐದು ಹಡಗು ಕಟ್ಟಿಕೊಂಡು ಹೊರಟ. ಅವನು ದಾರಿಯಲ್ಲೇ ಸತ್ತ. 1522ರಲ್ಲಿ 18 ಜನರನ್ನು ಹೊತ್ತು ವಾಪಸ್ ಬಂದದ್ದು ಈ ಒಂದು ಹಡಗು ಮಾತ್ರ. ಹೆಸರಿಗೆ ತಕ್ಕ ಹಡಗು ಬಿಡಿ.

ರಾಣಿ ಮಾಡಿದ್ದು ಬೇರೆ. ಯುರೋಪಿನ ದಕ್ಷಿಣದಲ್ಲಿ ಹಳೆಯದಾಗಿದ್ದ ಹೆಸರನ್ನು ಇಂಗ್ಲಿಷ್ ಮಾತಾಡುವವರ ಕಿವಿಗೆ ಹಾಕಿದಳು, ಆಮೇಲೆ ಊರು, ಕೆರೆ, ಆಸ್ಪತ್ರೆ, ರೈಲು ನಿಲ್ದಾಣದ ಮೇಲೆಲ್ಲಾ ಬರೆಸಿಕೊಂಡಳು.

ವಿಜಯಾ, ವಿಕ್ಟೋರಿಯಾ ಎರಡೂ 'ವಿ'ಯಿಂದ ಶುರು, ಎರಡಕ್ಕೂ ಅರ್ಥ ಒಂದೇ. ಮೂಲವೂ ಒಂದೇ ಇರಬೇಕಲ್ವಾ?

ಹಾಗೆ ಅನ್ನಿಸುವುದು ಸಹಜ, ಆದರೆ ಅಲ್ಲ. ವಿಜಯಾದಲ್ಲಿ 'ವಿ' ಬರೀ ಮುಂದೆ ಸೇರಿಸಿದ ತುಂಡು, ಅಸಲು ಧಾತು 'ಜಿ'. ಜಯ, ಜಿತ, ಜೇತ ಎಲ್ಲ ಅಲ್ಲಿಂದಲೇ ಬಂದವು. ವಿಕ್ಟೋರಿಯಾದಲ್ಲಿ 'ವಿಕ್' ಅನ್ನುವುದೇ ಧಾತು. ಹೋಲಿಕೆ ಕಾಕತಾಳೀಯ.

ಅರ್ಥ ಮಾತ್ರ ನಿಜವಾಗಿಯೂ ಒಂದೇ. ಜಯಲಕ್ಷ್ಮಿ, ವಿಜಯಲಕ್ಷ್ಮಿ, ಜಯಾ ಎಂದು ಮಗಳನ್ನು ಕರೆದವರು ಬಯಸಿದ್ದನ್ನೇ ವಿಕ್ಟೋರಿಯಾ ಎಂದು ಕರೆದವರೂ ಬಯಸಿದ್ದಾರೆ.

ಕನ್ನಡದಲ್ಲಿ ಹೇಗೆ ಬರೀಬೇಕು? 'ವಿಕ್ಟೋರಿಯ'ನಾ, 'ವಿಕ್ಟೋರಿಯಾ'ನಾ?

ಎರಡೂ ರೂಢಿಯಲ್ಲಿವೆ. ಮಾತಿನಲ್ಲಿ ಕೊನೆಗೆ ದೀರ್ಘ ಕೇಳುವುದರಿಂದ 'ವಿಕ್ಟೋರಿಯಾ' ಒಳ್ಳೆಯದು. ಸಮಸ್ಯೆ ಬರುವುದು ಇಂಗ್ಲಿಷ್ ಕಾಗುಣಿತದಲ್ಲಿ. 'ಸಿ' ಹಾಕುವುದು ಲ್ಯಾಟಿನ್, ಇಂಗ್ಲಿಷ್, ಸ್ಪ್ಯಾನಿಷ್ ರೂಢಿ. 'ಕೆ' ಹಾಕುವುದು ಜರ್ಮನ್, ಪೋಲಿಷ್, ಹಂಗೇರಿ ಮುಂತಾದ ಕಡೆ ಜಾಸ್ತಿ. ಯಾವುದಾದರೂ ಸರಿ, ಆದರೆ ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಆದರೆ ಪಾಸ್‌ಪೋರ್ಟ್ ಮಾಡಿಸುವಾಗ ಅಲೆದಾಟ ತಪ್ಪದು. ಜನನ ನೋಂದಣಿಯನ್ನು ಹೆಸರಿಲ್ಲದೆಯೂ ಮಾಡಿಸಿ, ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅವಸರ ಬೇಡ.

ಹಳೆಯ ರೋಮನ್ನರ ಬಾಯಲ್ಲಿ ಇದು 'ವಿ' ಕೂಡ ಆಗಿರಲಿಲ್ಲ. ತುಟಿ ದುಂಡು ಮಾಡಿ 'ಉಇಕ್‌ತೋರಿಯ' ಅಂತ ಹೇಳುತ್ತಿದ್ದರು.

ಹೆಸರು ಉದ್ದ ಆಯ್ತು. ಮನೆಯಲ್ಲಿ ಕರೆಯೋಕೆ ಏನಿದೆ?

ಇಂಗ್ಲೆಂಡಿನಲ್ಲಿ ವಿಕ್ಕಿ, ಟೋರಿ. ರಷ್ಯಾದಲ್ಲಿ ವೀಕಾ. ನಮ್ಮಲ್ಲಿ ವಿಕ್ಕಿ ಅಂದರೆ ವಿಕ್ರಮನೋ ವಿಕಾಸನೋ ಇರಬೇಕು ಅಂದುಕೊಳ್ಳುತ್ತಾರೆ, ಹುಡುಗಿ ತಿರುಗಿ ನೋಡಿದರೆ ಜನಕ್ಕೆ ಗೊಂದಲ. ಹಾಗಾಗಿ ಇಲ್ಲಿಗೆ ವೀಕಾ ಅಥವಾ ರಿಯಾ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅಂದ ಹಾಗೆ, ರಾಣಿ ವಿಕ್ಟೋರಿಯಾಳನ್ನು ಚಿಕ್ಕಂದಿನಲ್ಲಿ ಮನೆಯವರು ಕರೆಯುತ್ತಿದ್ದದ್ದು 'ಡ್ರೀನಾ' ಅಂತ. ಅದು ಯಾಕೆ ಅನ್ನುವುದು ಮುಂದೆ ಬರುತ್ತದೆ.

## ದೇವತೆ, ಸಂತ, ರಾಣಿ, ರಾಜಕುಮಾರಿ

ರೋಮಿನಲ್ಲಿ ಈ ಹೆಸರಿನ ದೇವತೆ ಇದ್ದಳಂತೆ, ನಿಜನಾ?

ನಿಜ. ರೆಕ್ಕೆ ಇರುವ ಹೆಣ್ಣುದೇವತೆ, ಗೆದ್ದವರ ತಲೆಗೆ ತೊಡಿಸುವ ಎಲೆಗಳ ಕಿರೀಟ ಕೈಯಲ್ಲಿ. ಗ್ರೀಕರ 'ನೈಕಿ'ಯೇ ಈಕೆ. ಹೌದು, ಶೂ ಕಂಪನಿ ಹೆಸರು ತೆಗೆದುಕೊಂಡದ್ದು ಆ ದೇವತೆಯಿಂದಲೇ. ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ ಈಕೆಗೆ ಕ್ರಿ.ಪೂ. 294ರಲ್ಲಿ ದೇವಾಲಯ ಆಯಿತು. ಕ್ರಿ.ಪೂ. 29ರಲ್ಲಿ ಆಗಸ್ಟಸ್ ಸೆನೆಟ್ ಸಭಾಂಗಣದೊಳಗೇ ಈಕೆಯ ಮೂರ್ತಿ, ಪೀಠ ಇಡಿಸಿದ. ಸೆನೆಟ್ ಸದಸ್ಯರು ಒಳಗೆ ಬಂದವರೇ ಅಲ್ಲಿ ಧೂಪ ಹಾಕಿ ಆಮೇಲೆ ಕೂರುತ್ತಿದ್ದರು.

ಸಾಮ್ರಾಜ್ಯ ಕ್ರೈಸ್ತವಾದ ಮೇಲೆ ಆ ಪೀಠವೇ ದೊಡ್ಡ ಜಗಳಕ್ಕೆ ಕಾರಣವಾಯಿತು. ಒಮ್ಮೆ ತೆಗೆದರು, ಮತ್ತೆ ಬಂತು, 382ರಲ್ಲಿ ಚಕ್ರವರ್ತಿ ಗ್ರೇಷಿಯನ್ ಪುನಃ ತೆಗೆಸಿದ. ಎರಡು ವರ್ಷದ ಮೇಲೆ ಸಿಮ್ಮಾಕಸ್ ಎಂಬ ಹಿರಿಯ ಅಧಿಕಾರಿ, ಹಿರಿಯರು ನಡೆಸಿಕೊಂಡು ಬಂದದ್ದನ್ನು ಬಿಡಿಸಬೇಡಿ ಎಂದು ಚಕ್ರವರ್ತಿಗೆ ಮನವಿ ಬರೆದ. ಮಿಲಾನಿನ ಬಿಷಪ್ ಆಂಬ್ರೋಸ್ ಪಟ್ಟು ಹಿಡಿದು ವಿರೋಧಿಸಿದ. ಮನವಿ ಫಲಿಸಲಿಲ್ಲ.

ದೇವತೆ ಹೆಸರು ಅಂದಮೇಲೆ ಕ್ರೈಸ್ತರು ಮಕ್ಕಳಿಗೆ ಹೇಗೆ ಇಟ್ಟರು?

ಸಾವಿನ ಮೇಲಿನ ಗೆಲುವು, ಪಾಪದ ಮೇಲಿನ ಗೆಲುವು ಅಂತ ಹೊಸ ಅರ್ಥ ಸಿಕ್ಕಿತು. ಆದಿ ಕ್ರೈಸ್ತರ ಹುತಾತ್ಮರಲ್ಲಿ ಈ ಹೆಸರಿನವರು ಒಬ್ಬರಿಗಿಂತ ಹೆಚ್ಚಿದ್ದಾರೆ. ರೋಮಿನ ಸಂತ ವಿಕ್ಟೋರಿಯಾಳ ಹಬ್ಬ ಡಿಸೆಂಬರ್ 23. ಸ್ಪೇನಿನ ಕೊರ್ಡೊಬಾದಲ್ಲಿ ಅಸಿಸ್ಕ್ಲಸ್ ಜೊತೆ ನೆನೆಯುವ ಇನ್ನೊಬ್ಬಳಿಗೆ ನವೆಂಬರ್ 17.

ಕನ್ಯಾಮರಿಯಳ ಕಡೆಯಿಂದಲೂ ಹೆಸರು ಹರಡಿತು. 1571ರ ಅಕ್ಟೋಬರ್ 7ರಂದು ಲೆಪಾಂಟೋ ಸಮುದ್ರಯುದ್ಧದಲ್ಲಿ ಕ್ರೈಸ್ತ ನೌಕಾಪಡೆ ಒಟ್ಟೊಮನ್ನರನ್ನು ಸೋಲಿಸಿತು. ಆ ದಿನವನ್ನು 'ವಿಜಯಮಾತೆ'ಯ ಹಬ್ಬವೆಂದು ಪೋಪ್ ಐದನೇ ಪಯಸ್ ಗೊತ್ತುಮಾಡಿದರು. ಇಂದು ಅದೇ ಜಪಮಾಲೆ ಮಾತೆಯ ಹಬ್ಬ. ಸ್ಪೇನ್, ಪೋರ್ಚುಗಲ್‌ಗಳಲ್ಲಿ ಮರಿಯಾ ವಿಕ್ಟೋರಿಯಾ, ಮರಿಯಾ ವಿತೋರಿಯಾ ಎಂಬ ಜೋಡಿ ಹೆಸರುಗಳ ಹಿಂದೆ ಇರುವುದು ಈ ಮಾತೆಯೇ. ಇಂಗ್ಲೆಂಡಿನ ರಾಣಿಗೆ ಅಲ್ಲೇನೂ ಕೆಲಸವಿಲ್ಲ.

ಹಾಗಾದ್ರೆ ಆ ರಾಣಿಗೆ ಈ ಹೆಸರು ಬಂದದ್ದು ಹೇಗೆ?

ನಾಮಕರಣದ ದಿನ ನಡೆದ ಜಗಳದಿಂದ. 1819ರ ಜೂನ್ 24, ಲಂಡನ್ನಿನ ಕೆನ್ಸಿಂಗ್ಟನ್ ಅರಮನೆ. ಅಪ್ಪ ಕೆಂಟ್‌ನ ಡ್ಯೂಕ್, ಮಗುವಿಗೆ ರಾಜಮನೆತನದ ಹೆಸರುಗಳ ಸಾಲನ್ನೇ ಬರೆದು ತಂದಿದ್ದ: ಜಾರ್ಜಿಯಾನಾ, ಷಾರ್ಲೆಟ್, ಆಗಸ್ಟಾ, ಅಲೆಕ್ಸಾಂಡ್ರೀನಾ, ವಿಕ್ಟೋರಿಯಾ. ರಾಜ್ಯಭಾರ ನೋಡಿಕೊಳ್ಳುತ್ತಿದ್ದವನು ಮಗುವಿನ ದೊಡ್ಡಪ್ಪ, ಮುಂದೆ ನಾಲ್ಕನೇ ಜಾರ್ಜ್ ಆದವನು. ಅಣ್ಣ ತಮ್ಮಂದಿರಿಗೆ ಆಗುತ್ತಿರಲಿಲ್ಲ. ಜಾರ್ಜಿಯಾನಾ ಆಗದು ಅಂತ ಅವನು ಮೊದಲೇ ಹೇಳಿ ಕಳಿಸಿದ್ದ. ಉಳಿದದ್ದನ್ನು ಅಲ್ಲೇ ಬಂದು ಹೇಳುತ್ತೇನೆ ಅಂದಿದ್ದ.

ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮಗುವನ್ನು ಎತ್ತಿಕೊಂಡು ಹೆಸರಿಗಾಗಿ ಕಾಯುತ್ತಾ ನಿಂತಿದ್ದಾರೆ. ದೊಡ್ಡಪ್ಪ 'ಅಲೆಕ್ಸಾಂಡ್ರೀನಾ' ಅಂದ. ರಷ್ಯಾದ ತ್ಸಾರ್ ಅಲೆಕ್ಸಾಂಡರ್ ಮಗುವಿನ ಧರ್ಮಪಿತ, ಅದಕ್ಕೆ. ಅಪ್ಪ ಇನ್ನೊಂದು ಹೆಸರು ಬೇಕೆಂದ. ಷಾರ್ಲೆಟ್? ಬೇಡ. ಆಗಸ್ಟಾ? ಅದೂ ಬೇಡ. ತಾಯಿ ಅಳುತ್ತಿದ್ದಳು. ಕೊನೆಗೆ ದೊಡ್ಡಪ್ಪ ತಾಯಿಯ ಹೆಸರನ್ನೇ ಇಡಿ, ಆದರೆ ಅದು ತ್ಸಾರ್ ಹೆಸರಿನ ಹಿಂದೆ ಬರಲಿ ಅಂದ. ತಾಯಿ ಜರ್ಮನ್ ರಾಜಕುಮಾರಿ, ಹೆಸರು ವಿಕ್ಟೋರಿಯಾ. ಹೀಗೆ ಮಗು ಅಲೆಕ್ಸಾಂಡ್ರೀನಾ ವಿಕ್ಟೋರಿಯಾ ಆಯಿತು. ಮೊದಲ ಹೆಸರಿನ ಬಾಲವೇ ಆ 'ಡ್ರೀನಾ'.

ಹುಡುಗಿ ಸಿಂಹಾಸನಕ್ಕೆ ಹತ್ತಿರವಾದಾಗ ಮತ್ತೆ ತಕರಾರು ಶುರು. 1830ರ ಸುಮಾರಿಗೆ ಇನ್ನೊಬ್ಬ ದೊಡ್ಡಪ್ಪ ನಾಲ್ಕನೇ ವಿಲಿಯಂ, ಈ ಹೆಸರು ನಮ್ಮ ದೇಶದ್ದಲ್ಲ, ಷಾರ್ಲೆಟ್ ಅಥವಾ ಎಲಿಜಬೆತ್ ಅಂತ ಬದಲಿಸಿ ಎಂದು ಒತ್ತಾಯಿಸಿದ. ಅದು ಆಗಲಿಲ್ಲ. 1837ರಲ್ಲಿ ಪಟ್ಟಕ್ಕೆ ಬಂದ ಮೊದಲ ದಿನದ ಕಾಗದಪತ್ರಗಳಲ್ಲಿ 'ಅಲೆಕ್ಸಾಂಡ್ರೀನಾ ವಿಕ್ಟೋರಿಯಾ' ಎಂದೇ ಇತ್ತು. ಹದಿನೆಂಟರ ಹುಡುಗಿ ಮೊದಲನೆಯದನ್ನು ಕೈಬಿಡಿಸಿ, ಅಮ್ಮನ ಹೆಸರನ್ನಷ್ಟೇ ಉಳಿಸಿಕೊಂಡಳು.

ಕೊಡಗಿನ ರಾಜಕುಮಾರಿಗೂ ಈ ಹೆಸರಿತ್ತು ಅಂತ ಕೇಳಿದ್ದೆ. ಯಾರವಳು?

ಗೌರಮ್ಮ. ಕೊಡಗಿನ ಕೊನೆಯ ದೊರೆ ಚಿಕ್ಕವೀರರಾಜೇಂದ್ರನ ಮಗಳು. 1834ರಲ್ಲಿ ಕಂಪನಿ ಸರ್ಕಾರ ದೊರೆಯನ್ನು ಪದಚ್ಯುತಗೊಳಿಸಿ ಕಾಶಿಗೆ ಕಳಿಸಿತು. ಮಗಳು ಹುಟ್ಟಿದ್ದು ಅಲ್ಲೇ, 1841ರಲ್ಲಿ. 1852ರಲ್ಲಿ ದೊರೆ ಅವಳನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಕಂಪನಿಯ ವಶದಲ್ಲಿದ್ದ ತನ್ನ ಹಣವನ್ನು ಕೇಳಿ ಪಡೆಯುವ ಆಸೆ ಅವನಿಗೆ. ಅದೇ ವರ್ಷ ಮಗಳಿಗೆ ದೀಕ್ಷಾಸ್ನಾನ ಆಯಿತು. ಧರ್ಮಮಾತೆಯಾಗಿ ನಿಂತವಳು ಸ್ವತಃ ರಾಣಿ, ಕೊಟ್ಟ ಹೆಸರು ತನ್ನದೇ. ಅಂದಿನಿಂದ ಆಕೆ ವಿಕ್ಟೋರಿಯಾ ಗೌರಮ್ಮ.

ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್‌ಗೆ ಈಕೆಯನ್ನು ಕೊಡಬೇಕೆಂದು ರಾಣಿಗೆ ಮನಸ್ಸಿತ್ತು. ಆಗಲಿಲ್ಲ. ಜಾನ್ ಕ್ಯಾಂಪ್ಬೆಲ್ ಎಂಬ, ವಯಸ್ಸಿನಲ್ಲಿ ಬಹಳ ಹಿರಿಯನಾದ ಸೇನಾಧಿಕಾರಿಯನ್ನು ಮದುವೆಯಾದಳು. ಒಬ್ಬಳು ಮಗಳು ಹುಟ್ಟಿದಳು. ಹೆಸರು ಈಡಿತ್ ವಿಕ್ಟೋರಿಯಾ ಗೌರಮ್ಮ, ಕೊನೆಯ ಎರಡೂ ಅಮ್ಮನಿಂದ ಬಂದವು. 1864ರಲ್ಲಿ, ಇನ್ನೂ ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಿಗೆ, ಗೌರಮ್ಮ ತೀರಿಕೊಂಡಳು. ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ರಾಣಿಯ ಅಕ್ಕರೆ ನಿಜವೇ ಇರಬಹುದು. ಆದರೆ ರಾಜ್ಯ ಕಳಕೊಂಡವನ ಮಗಳಿಗೆ 'ಗೆಲುವು' ಅಂತ ಹೆಸರು ಕೊಟ್ಟದ್ದನ್ನು ಓದುವಾಗ ನನಗಂತೂ ಕಸಿವಿಸಿಯಾಗುತ್ತದೆ.

ಈಕೆಯನ್ನು ಕನ್ನಡದ ಕಥೆಗಾರ್ತಿ 'ಕೊಡಗಿನ ಗೌರಮ್ಮ' ಎಂದುಕೊಳ್ಳುವವರು ತುಂಬಾ ಜನ. ಆ ಗೌರಮ್ಮ ಹುಟ್ಟಿದ್ದು 1912ರಲ್ಲಿ, ಅವರು ಬೇರೆ.

ಟಾಗೋರರು ಒಬ್ಬ ವಿಕ್ಟೋರಿಯಾಗೆ 'ವಿಜಯಾ' ಅಂತ ಹೆಸರಿಟ್ಟಿದ್ದರಂತೆ?

ಹೌದು, ಅರ್ಜೆಂಟೀನಾದ ಲೇಖಕಿ ವಿಕ್ಟೋರಿಯಾ ಒಕಾಂಪೊ. 1924ರಲ್ಲಿ ಪೆರುವಿಗೆ ಹೊರಟಿದ್ದ ಟಾಗೋರರು ಬ್ಯೂನಸ್ ಐರಿಸ್‌ನಲ್ಲಿ ಕಾಯಿಲೆ ಬಿದ್ದರು. ಆಕೆ ಪಕ್ಕದ ಸಾನ್ ಇಸಿದ್ರೋದಲ್ಲಿ ನದಿಗೆ ಮುಖ ಮಾಡಿದ ಮನೆಯೊಂದರಲ್ಲಿ ಅವರನ್ನು ಇರಿಸಿ ನೋಡಿಕೊಂಡರು. ಮರುವರ್ಷ ಬಂದ 'ಪೂರಬಿ' ಕವನಸಂಕಲನವನ್ನು ಕವಿ ಅರ್ಪಿಸಿದ್ದು 'ವಿಜಯಾ'ಗೆ. ಬಂಗಾಳಿ ಬಾಯಲ್ಲಿ ಬಿಜೊಯಾ.

## ಯಾರು ಇಡ್ತಾರೆ, ಎಲ್ಲಿ ಜಾಸ್ತಿ

ರಾಣಿ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಎಲ್ಲರ ಮನೆಯಲ್ಲೂ ಒಬ್ಬಳು ವಿಕ್ಟೋರಿಯಾ ಇದ್ದಿರಬೇಕು?

ತಮಾಷೆ ಇರುವುದೇ ಇಲ್ಲಿ. ಆಕೆ 63 ವರ್ಷಕ್ಕೂ ಜಾಸ್ತಿ ಆಳಿದಳು, ಆದರೆ ಸಾಮಾನ್ಯರು ಮಕ್ಕಳನ್ನು ಮೇರಿ, ಎಲಿಜಬೆತ್, ಸಾರಾ, ಆನ್ ಅಂತಲೇ ಕರೆದರು. ಬೀದಿಗೆ ಇಡಬಹುದಾದ ಹೆಸರು ಕೂಸಿಗೆ ಇಡಲು ತೀರಾ ದೊಡ್ಡದು ಅನ್ನಿಸಿತೋ ಏನೋ. ಇಟ್ಟವರೂ ಹಲವರು ಎರಡನೇ ಹೆಸರಾಗಿ ಇಟ್ಟರು. ಧಾರಾಳವಾಗಿ ಬಳಸಿದ್ದು ರಾಜಮನೆತನಗಳು. ಆಕೆಯ ಹಿರಿಮಗಳು ವಿಕ್ಟೋರಿಯಾ ಜರ್ಮನಿಯ ಸಾಮ್ರಾಜ್ಞಿಯಾದಳು. ಮೊಮ್ಮಗಳು ವಿಕ್ಟೋರಿಯಾ ಯುಜೀನಿ 1906ರಲ್ಲಿ ಸ್ಪೇನಿನ ರಾಣಿಯಾದಳು.

ಬ್ರಿಟನ್ನಿನ ಸಾಮಾನ್ಯ ಮನೆಗಳಲ್ಲಿ ಈ ಹೆಸರಿಗೆ ಸುಗ್ಗಿ ಬಂದದ್ದು ರಾಣಿ ಸತ್ತು ಮುಕ್ಕಾಲು ಶತಮಾನ ಕಳೆದ ಮೇಲೆ, 1970 ಮತ್ತು 80ರ ದಶಕಗಳಲ್ಲಿ. ವಿಕ್ಟೋರಿಯಾ ಬೆಕಮ್ 1974ರಲ್ಲಿ ಹುಟ್ಟಿದವರು, ಸರಿಯಾಗಿ ಆ ಪೀಳಿಗೆ.

ಈಗ ಯಾವ ದೇಶದಲ್ಲಿ ಜಾಸ್ತಿ ಇಡ್ತಾರೆ?

ರಷ್ಯಾ ಮತ್ತು ಅಕ್ಕಪಕ್ಕದ ದೇಶಗಳು, ಪೋಲೆಂಡ್, ಬ್ರೆಜಿಲ್. ಬ್ರೆಜಿಲ್‌ನಲ್ಲಿ 'ಕ' ಬಿದ್ದುಹೋಗಿ ವಿತೋರಿಯಾ. ಇಟಲಿಯಲ್ಲಿ ವಿತ್ತೋರಿಯಾ, ಫ್ರಾನ್ಸಿನಲ್ಲಿ ವಿಕ್ತ್ವಾರ್. ಅಮೆರಿಕದಲ್ಲಿ 1990ರ ದಶಕದಲ್ಲಿ ಮೊದಲ 20ರೊಳಗೆ ಬಂದಿತ್ತು. ಅಲ್ಲಿನ ಸರ್ಕಾರಿ ಪಟ್ಟಿ ಶುರುವಾಗುವುದು 1880ರಿಂದ. ಅಂದಿನಿಂದ ಈ ಹೆಸರು ಮೊದಲ 1000 ಬಿಟ್ಟು ಒಮ್ಮೆಯೂ ಹೊರಗೆ ಹೋಗಿಲ್ಲ. ಸ್ವೀಡನ್ನಿನ ಯುವರಾಣಿಯೂ ವಿಕ್ಟೋರಿಯಾ. 1977ರಲ್ಲಿ ಹುಟ್ಟಿದಾಗ ಅಲ್ಲಿ ಗಂಡುಮಕ್ಕಳಿಗಷ್ಟೇ ಪಟ್ಟ. 1980ರಲ್ಲಿ ಕಾನೂನು ಬದಲಾಯಿತು, ಮಗುವಾಗಿದ್ದ ತಮ್ಮನಿಂದ ಉತ್ತರಾಧಿಕಾರ ಅಕ್ಕನಿಗೆ ಬಂತು.

ನಮ್ಮ ಕಡೆ?

ಹೆಚ್ಚಾಗಿ ಕರಾವಳಿಯ ಕೊಂಕಣಿ ಕ್ಯಾಥೋಲಿಕರಲ್ಲಿ, ಬೆಂಗಳೂರಿನ ಹಳೆಯ ಕ್ರೈಸ್ತ ಕುಟುಂಬಗಳಲ್ಲಿ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ವಾಡಿಕೆ ಇರುವ ಮನೆಗಳಲ್ಲಿ ಇದು ಎರಡನೇ ಹೆಸರಾಗಿ ಉಳಿದುಕೊಳ್ಳುತ್ತದೆ. ಕರೆಯುವ ಹೆಸರು ಬೇರೆ, ದೀಕ್ಷಾಸ್ನಾನದ ದಾಖಲೆಯಲ್ಲಿ ವಿಕ್ಟೋರಿಯಾ.

## ಇನ್ನೂ ಸ್ವಲ್ಪ ಆಳಕ್ಕೆ

ಭೂಪಟದಲ್ಲಿ ಇರುವ ವಿಕ್ಟೋರಿಯಾಗಳೆಲ್ಲ ರಾಣಿಯವೇನಾ?

ಬಹಳಷ್ಟು ಹೌದು. ಆಫ್ರಿಕಾದ ಜಲಪಾತಕ್ಕೆ ಅನ್ವೇಷಕ ಲಿವಿಂಗ್‌ಸ್ಟನ್ 1855ರಲ್ಲಿ ಹೆಸರಿಟ್ಟ. ಅಲ್ಲಿನವರಿಗೆ ಅದು ಮೋಸಿ ಓವಾ ತುನ್ಯಾ, ಗುಡುಗುವ ಹೊಗೆ. ಅಲ್ಲಿನ ಸರೋವರಕ್ಕೆ 1858ರಲ್ಲಿ ಇನ್ನೊಬ್ಬ ಅನ್ವೇಷಕ ಸ್ಪೀಕ್ ಇಟ್ಟ. ಆಸ್ಟ್ರೇಲಿಯಾದ ರಾಜ್ಯವೂ ಆಕೆಯದೇ.

ಆದರೆ ಬ್ರೆಜಿಲ್‌ನ ವಿತೋರಿಯಾ ನಗರ 1551ರದ್ದು. ಸ್ಪೇನಿನ ವಿತೋರಿಯಾವನ್ನು ನವಾರದ ದೊರೆ 1181ರಲ್ಲಿ ಕಟ್ಟಿಸಿದ. ಮೆಕ್ಸಿಕೋದ ಸಿಯುದಾದ್ ವಿಕ್ಟೋರಿಯಾ ಇನ್ನೂ ಸ್ವಾರಸ್ಯ: ಅದು ಒಬ್ಬ ಗಂಡಸಿನ ಹೆಸರು. ದೇಶದ ಮೊದಲ ಅಧ್ಯಕ್ಷ, ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ತನ್ನ ಹುಟ್ಟುಹೆಸರು ಬಿಟ್ಟು ಗ್ವಾದಲೂಪೆ ವಿಕ್ಟೋರಿಯಾ ಅಂತ ಇಟ್ಟುಕೊಂಡಿದ್ದ.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ರಾಣಿ ಕಟ್ಟಿಸಿದ್ದಾ?

ಅಲ್ಲ. ಮೈಸೂರು ಸಂಸ್ಥಾನದ್ದು. ರಾಣಿಯ ಆಳ್ವಿಕೆಗೆ 60 ವರ್ಷ ತುಂಬಿದ ನೆನಪಿಗೆ 1897ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲು ಹಾಕಿದರು, 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ. ಕಬ್ಬನ್ ಪಾರ್ಕಿನ ಅಮೃತಶಿಲೆಯ ಪ್ರತಿಮೆ 1906ರದ್ದು. ಮೈಸೂರಿನಲ್ಲಿ 50ನೇ ವರ್ಷದ ನೆನಪಿಗೆ ಎದ್ದದ್ದು ಜುಬಿಲಿ ಇನ್ಸ್ಟಿಟ್ಯೂಟ್ ಕಟ್ಟಡ. ಪ್ರಾಚ್ಯ ವಿದ್ಯಾ ಸಂಶೋಧನಾಲಯ ಇರುವುದು ಅಲ್ಲಿ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಜಗತ್ತಿಗೆ ತಂದುಕೊಟ್ಟದ್ದು ಅದೇ ಸಂಸ್ಥೆಯ ಓಲೆಗರಿಗಳಿಂದ. ಮುಂಬಯಿ ಕನ್ನಡಿಗರ 'ವೀಟಿ', ಅಂದರೆ ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣ ಮಾತ್ರ, 1996ರಲ್ಲಿ ಛತ್ರಪತಿ ಶಿವಾಜಿಯ ಹೆಸರಿಗೆ ಬದಲಾಯಿತು. ಹಳಬರ ಬಾಯಲ್ಲಿ ಇನ್ನೂ ವೀಟಿಯೇ.

ಅಜ್ಜಿ ಪೆಟ್ಟಿಗೆಯಲ್ಲಿ ರಾಣಿ ಮುಖದ ಬೆಳ್ಳಿ ರೂಪಾಯಿ ಇದೆ. ಅದರ ಮೇಲೆ ಹೆಸರು ಎರಡು ಥರ ಇದೆಯಲ್ಲ?

ಮುಖದ ಸುತ್ತ ಏನು ಬರೆದಿದೆ ನೋಡಿ. 'ವಿಕ್ಟೋರಿಯಾ ಕ್ವೀನ್' ಅಂತಿದ್ದರೆ 1840ರಿಂದ 1876ರ ನಡುವಿನದು. 'ವಿಕ್ಟೋರಿಯಾ ಎಂಪ್ರೆಸ್' ಅಂತಿದ್ದರೆ 1877 ಅಥವಾ ಆಮೇಲಿನದು. ಆಕೆ ಭಾರತದ ಸಾಮ್ರಾಜ್ಞಿ ಎಂಬ ಬಿರುದು ಪಡೆದ ಮೇಲೆ ಅಚ್ಚು ಬದಲಾಯಿತು. 1862 ಎಂದಿರುವ ನಾಣ್ಯ ತುಂಬಾ ಮನೆಗಳಲ್ಲಿ ಸಿಗುತ್ತದೆ, ಯಾಕೆಂದರೆ ಮುಂದಿನ ಹತ್ತಾರು ವರ್ಷ ಅದೇ ಇಸವಿ ಹಾಕಿ ಅಚ್ಚು ಹೊಡೆದರು. ತೂಕ 11.66 ಗ್ರಾಂ ಇರಬೇಕು, ಸವೆದಿದ್ದರೆ ಕೊಂಚ ಕಡಿಮೆ. ತೀರಾ ಹಗುರ ಇದ್ದರೆ ಅನುಮಾನಪಡಿ, ನಕಲಿಗಳು ಬೇಕಾದಷ್ಟಿವೆ. ಲಕ್ಷಗಟ್ಟಲೆ ಬೆಲೆ ಬರುತ್ತದೆ ಅಂತ ಯಾರಾದರೂ ಫೋನ್ ಮಾಡಿ 'ನೋಂದಣಿ ಶುಲ್ಕ' ಕೇಳಿದರೆ ಕೂಡಲೇ ಫೋನ್ ಇಟ್ಟುಬಿಡಿ.

ವಸಾಹತು ಕಾಲದ ಹೆಸರು, ಮೇಲೆ ಒಳಉಡುಪಿನ ಬ್ರಾಂಡ್ ಬೇರೆ. ಮಗಳನ್ನು ಶಾಲೆಯಲ್ಲಿ ಗೇಲಿ ಮಾಡಲ್ವಾ?

ಮಕ್ಕಳು ಗೇಲಿ ಮಾಡಲು ನಿರ್ಧರಿಸಿದರೆ ಯಾವ ಹೆಸರೂ ಸಾಕು. ಆ ಅಂಗಡಿ, 'ವಿಕ್ಟೋರಿಯಾಸ್ ಸೀಕ್ರೆಟ್', ಶುರುವಾದದ್ದು 1977ರಲ್ಲಿ ಅಮೆರಿಕದಲ್ಲಿ. ರಾಣಿಯ ಕಾಲದ ಬಿಗಿ ಮರ್ಯಾದೆಯ ನೆನಪು ಬರಲಿ ಎಂದೇ ಆ ಹೆಸರು ಇಟ್ಟರು. ವಸಾಹತಿನ ಮಾತು ಬೇರೆ, ಅದು ಮನಸ್ಸಿಗೆ ಚುಚ್ಚುತ್ತದೆ ಅಂದರೆ ಇಡಬೇಡಿ, ಬಲವಂತವೇನಿಲ್ಲ. ವಿಜಯಾ ಇದ್ದಾಳಲ್ಲ. ಇಷ್ಟವಿದ್ದು ಜನರ ಮಾತಿಗೆ ಹೆದರಿ ಬಿಡುತ್ತಿದ್ದರೆ ಮಾತ್ರ, ಮೆಗೆಲನ್‌ನ ಹಡಗಿನ ಕಥೆ ಮಗಳಿಗೆ ಕಲಿಸಿಕೊಡಿ.

ಈ ಹೆಸರಿನ ಕ್ಷುದ್ರಗ್ರಹ ಇದೆಯಂತೆ, ಅದಾದ್ರೂ ರಾಣಿಯದಾ, ದೇವತೆಯದಾ?

ಇದಕ್ಕೇ ಖಗೋಳ ವಿಜ್ಞಾನಿಗಳು ಜಗಳವಾಡಿದ್ದು. 1850ರಲ್ಲಿ ಲಂಡನ್ನಿನಲ್ಲಿ ಜಾನ್ ರಸೆಲ್ ಹೈಂಡ್ ಹನ್ನೆರಡನೇ ಕ್ಷುದ್ರಗ್ರಹ ಕಂಡುಹಿಡಿದು ವಿಕ್ಟೋರಿಯಾ ಎಂದು ಕರೆದ. ಪುರಾಣದ ಹೆಸರುಗಳನ್ನಷ್ಟೇ ಇಡಬೇಕು, ಬದುಕಿರುವವರದ್ದು ಕೂಡದು ಎಂಬುದು ಆಗಿನ ರೂಢಿ. ಅಮೆರಿಕದವರು ಒಪ್ಪದೆ ಅದನ್ನು 'ಕ್ಲಿಯೋ' ಎನ್ನತೊಡಗಿದರು. ಹೈಂಡ್ ಬಳಿ ಉತ್ತರ ಸಿದ್ಧವಿತ್ತು: ಇದು ರೋಮಿನ ವಿಜಯದೇವತೆಯ ಹೆಸರು, ನಮ್ಮ ರಾಣಿಗೂ ಅದೇ ಇದ್ದರೆ ನಾನೇನು ಮಾಡಲಿ? ಹೆಸರು ಉಳಿಯಿತು. ಕ್ಲಿಯೋ ಎಂಬ ಹೆಸರು 1865ರಲ್ಲಿ ಸಿಕ್ಕ 84ನೇ ಕ್ಷುದ್ರಗ್ರಹಕ್ಕೆ ಹೋಯಿತು.